ಉಮ್ಮನಿಗೆ ಕೊಡುವ ಹಳೇ ಮೊಬೈಲು

ನಮ್ಮ ಮನೆಗಳಲ್ಲಿ ಮಗನಿಗೆ ಹೊಸ ಮೊಬೈಲು ಬಂದರೆ ಹಳೆಯದು ಉಮ್ಮನಿಗೆ. ಗೀರು ಬಿದ್ದದ್ದನ್ನು ಹಾಗೆಯೇ ಕೊಡಬೇಡಿ, ಬಣ್ಣ ಹೊಡೆದು ಕೊಡಿ ಎನ್ನುವವನು ನಾನು.

ಹಿಂಬದಿಯ ಪ್ಲಾಸ್ಟಿಕ್ ಕವರು ಬಿಚ್ಚಲು ಬರುವಂಥದ್ದಾದರೆ ಕೆಲಸ ಸುಲಭ. ಸೇಲಂ, ಧರ್ಮಪುರಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ‘ಉಪ್ಪುತ್ತಾಳ್’ ಎಂದರೆ ಪಾಲಿಶ್ ಪೇಪರ್ ಕೊಡುತ್ತಾರೆ. 600 ನಂಬರಿನದು ತನ್ನಿ. ಕವರಿನ ಹೊಳಪು ಹೋಗುವಷ್ಟು ಉಜ್ಜಿ, ಸೋಪುನೀರಲ್ಲಿ ತೊಳೆದು ಒಣಗಿಸಿ. ಮೆಕ್ಯಾನಿಕಲ್ ಡಿಪ್ಲೊಮಾದಲ್ಲಿ ನಾನು ಕಲಿತದ್ದೂ ಇದೇ: ಮೈ ಹದವಾಗದೆ ಬಣ್ಣ ನಿಲ್ಲದು. ಥಿನ್ನರ್ ಮುಟ್ಟಿಸಿದರೆ ಪ್ಲಾಸ್ಟಿಕ್ ಕರಗೀತು. ಪ್ರೈಮರ್ ಮೇಲೆ ತೆಳುವಾಗಿ ಮೂರು ಕೋಟು ಸ್ಪ್ರೇ ಸಾಕು. ಲೋಹದ ಪುಡಿಯ ಬಣ್ಣ ಬೇಡ, ಸಿಗ್ನಲ್ ಕುಗ್ಗೀತು. ಸ್ಪ್ರೇ ಬೆಂಕಿ ಹಿಡಿಯುವಂಥದ್ದು, ಒಲೆಯ ಹತ್ತಿರ ಬೇಡ.

ಉಮ್ಮನಿಗೆ ಯಾವ ಬಣ್ಣ ಇಷ್ಟವೆಂದು ಮೊದಲೇ ಕೇಳಿ. ಆಗ ಅದು ಮಗ ಬಿಟ್ಟ ಮೊಬೈಲಲ್ಲ, ಉಮ್ಮನದೇ.