ಕಡಲಾಚೆಯ ಮತ ಅಂಚೆಯಲ್ಲಿ ಬರಬಹುದೇ?

2024ರ ಲೋಕಸಭಾ ಚುನಾವಣೆಗೆ ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸಿಕೊಂಡಿದ್ದ ಅನಿವಾಸಿ ಭಾರತೀಯರು ಸುಮಾರು 1.2 ಲಕ್ಷ. ಮತ ಹಾಕಿದವರು ಮೂರು ಸಾವಿರವನ್ನೂ ಮುಟ್ಟಲಿಲ್ಲ. ಅವರಲ್ಲೂ ಬಹುಪಾಲು ಕೇರಳದವರು. ಕಾರಣ ಎಲ್ಲರಿಗೂ ಗೊತ್ತಿರುವುದೇ. 2010ರಲ್ಲಿ ಪ್ರಜಾಪ್ರತಿನಿಧಿ ಕಾಯ್ದೆಗೆ ತಿದ್ದುಪಡಿ ತಂದು ಸಂಸತ್ತು ಅವರಿಗೆ ಹಕ್ಕು ಕೊಟ್ಟಿತು. ಅದನ್ನು ಚಲಾಯಿಸಬೇಕಾದರೆ ಮಾತ್ರ ಅಸಲು ಪಾಸ್‌ಪೋರ್ಟ್ ಹಿಡಿದು ಊರಿನ ಮತಗಟ್ಟೆಗೇ ಬರಬೇಕು.

ಅಂಚೆ ಮತ ಬೇಕು ಎನ್ನುವವರ ವಾದಕ್ಕೆ ತೂಕವಿದೆ. ದಮ್ಮಾಮ್‌ನಲ್ಲಿ ಎಸಿ ರಿಪೇರಿ ಮಾಡುವ ಬಂಟ್ವಾಳದ ಹುಡುಗನಿಗೆ ರಜೆಯೂ ಇಲ್ಲ, ಟಿಕೆಟ್ಟಿಗೆ ದುಡ್ಡೂ ಇಲ್ಲ. ಬರಬಲ್ಲವರು ಉಳ್ಳವರು, ಇಲ್ಲವೇ ಸಂಘಟನೆಗಳು ಗೊತ್ತುಮಾಡಿದ ವಿಮಾನ ಹತ್ತಿದವರು. ಅತ್ತ ವಿದೇಶದಲ್ಲಿರುವ ನಮ್ಮ ರಾಯಭಾರ ಕಚೇರಿಯ ಸಿಬ್ಬಂದಿ ‘ಸೇವಾ ಮತದಾರರು’. ಅವರ ಮತ ಅಂಚೆಯಲ್ಲೇ ಬರುತ್ತದೆ. ಮತಪತ್ರ ಇಂಟರ್‌ನೆಟ್ ಮೂಲಕ ಹೋಗುತ್ತದೆ. ಮುದ್ರಿಸಿ, ಗುರುತು ಹಾಕಿ, ಒಳಲಕೋಟೆಯಲ್ಲಿಟ್ಟು, ದೃಢೀಕರಿಸಿದ ಘೋಷಣೆಯೊಂದಿಗೆ ಹೊರಲಕೋಟೆಗೆ ಹಾಕಿ ಕಳಿಸಿದರಾಯಿತು. ಇದೇ ಸೌಲಭ್ಯವನ್ನು ಅನಿವಾಸಿಗಳಿಗೂ ಕೊಡಲು ತಾನು ಸಿದ್ಧ ಎಂದು ಚುನಾವಣಾ ಆಯೋಗ 2020ರಲ್ಲೇ ಕಾನೂನು ಸಚಿವಾಲಯಕ್ಕೆ ಹೇಳಿತ್ತು.

ಬೇಡ ಎನ್ನುವವರ ಮಾತನ್ನೂ ತಳ್ಳಿಹಾಕುವಂತಿಲ್ಲ. ಊರು ಬಿಟ್ಟವರಿಗೆ ಊರಿನ ನೀರು, ರಸ್ತೆಯ ಕಷ್ಟ ತಟ್ಟುವುದಿಲ್ಲ ಎಂಬುದು ಅವರ ಮೊದಲ ಆಕ್ಷೇಪ. ಇದು ಅಷ್ಟು ಗಟ್ಟಿಯಲ್ಲ: ಅಪ್ಪ ಅಮ್ಮ, ಮನೆ ಜಮೀನು ಇಲ್ಲೇ ಇರುತ್ತವೆ, ಹಕ್ಕಿನ ಪ್ರಶ್ನೆಯಂತೂ 2010ಕ್ಕೇ ತೀರ್ಮಾನವಾಗಿದೆ. ಗಟ್ಟಿಯಾದದ್ದು ಗೌಪ್ಯತೆಯ ಪ್ರಶ್ನೆ. ಒಂದು ಕೋಣೆಯಲ್ಲಿ ಹತ್ತು ಜನ ಮಲಗುವ ಲೇಬರ್ ಕ್ಯಾಂಪ್‌ನಲ್ಲಿ, ಪಾಸ್‌ಪೋರ್ಟನ್ನೇ ಮಾಲೀಕ ಇಟ್ಟುಕೊಂಡಿರುವ ಕಡೆ, ಮತಪತ್ರಕ್ಕೆ ಗುರುತು ಹಾಕುವಾಗ ಪಕ್ಕದಲ್ಲಿ ಯಾರೂ ನಿಂತಿಲ್ಲವೆಂದು ನೋಡುವವರು ಯಾರು? ಮತಗಟ್ಟೆಯಲ್ಲಾದರೆ ಅಡ್ಡ ರಟ್ಟು ಇರುತ್ತದೆ, ಏಜೆಂಟರ ಕಣ್ಣಿರುತ್ತದೆ.

ತಾಂತ್ರಿಕ ದೋಷದ ಭಯವೂ ಸುಳ್ಳಲ್ಲ. ಎಣಿಕೆಯ ದಿನ ಬೆಳಿಗ್ಗೆ 8ರೊಳಗೆ ತಲುಪದ ಅಂಚೆ ಮತ ಲೆಕ್ಕಕ್ಕಿಲ್ಲ. ಘೋಷಣೆಗೆ ಸಹಿ ಇಲ್ಲದಿದ್ದರೂ ಇಲ್ಲ. 2023ರಲ್ಲಿ ಬೆಂಗಳೂರಿನ ಜಯನಗರದ ಫಲಿತಾಂಶ ನಿಂತದ್ದು 16 ಮತಗಳ ಮೇಲೆ. ಅಲ್ಲಿ ಜಗಳ ಹತ್ತಿದ್ದೇ ತಿರಸ್ಕೃತ ಅಂಚೆ ಮತಗಳ ಬಗ್ಗೆ. ಸಾವಿರಾರು ಲಕೋಟೆ ಬಂದರೆ ತಕರಾರೂ ಹೆಚ್ಚುತ್ತದೆ. ಕೆಲಸಕ್ಕೆಂದು ಬೆಂಗಳೂರಿಗೆ ಬಂದ ರಾಯಚೂರಿನ ಗಾರೆಯವನಿಗೇ ಇನ್ನೂ ದೂರದಿಂದ ಮತ ಹಾಕುವ ದಾರಿಯಿಲ್ಲ, ಅವನಿಗಿಂತ ಮೊದಲು ಇವರಿಗೇಕೆ ಎಂಬ ಪ್ರಶ್ನೆಯೂ ನ್ಯಾಯವಾದದ್ದೇ.

ನಡುವೆ ಬಂದ ಇನ್ನೊಂದು ದಾರಿ ಪ್ರತಿನಿಧಿಯ ಮೂಲಕ ಮತದಾನ. ಆ ಮಸೂದೆಗೆ 2018ರಲ್ಲಿ ಲೋಕಸಭೆ ಒಪ್ಪಿಗೆ ಕೊಟ್ಟಿತು. 2019ರಲ್ಲಿ ಸದನದ ಅವಧಿಯೊಂದಿಗೆ ಅದೂ ಬಿದ್ದುಹೋಯಿತು. ಹೋದದ್ದೇ ಒಳ್ಳೆಯದಾಯಿತು: ನನ್ನ ಮತವನ್ನು ಇನ್ನೊಬ್ಬ ಹಾಕಿದರೆ, ನಾನು ಹೇಳಿದಂತೆಯೇ ಹಾಕಿದನೆಂದು ತಿಳಿಯುವ ಬಗೆಯಿಲ್ಲ.

ಎರಡೂ ಕಡೆಯ ಮಾತು ಕೇಳಿದ ಮೇಲೆ ನನಗೆ ಸರಿ ಕಾಣುವುದು ಇಷ್ಟು. ಅಂಚೆ ಮತ ಬರಲಿ, ಒಮ್ಮೆಲೇ ಎಲ್ಲ ದೇಶಗಳಿಂದ ಬೇಡ. ಆತಿಥೇಯ ಸರ್ಕಾರ ಒಪ್ಪುವ ಕೆಲವು ಕಡೆ ಮೊದಲು ಪ್ರಯೋಗವಾಗಲಿ. ಕ್ಯಾಂಪುಗಳಲ್ಲಿರುವವರು ರಾಯಭಾರ ಕಚೇರಿಗೇ ಬಂದು, ಅಲ್ಲೇ ಮರೆಯಲ್ಲಿ ಗುರುತು ಹಾಕುವ ವ್ಯವಸ್ಥೆಯಾಗಲಿ. ಅಲ್ಲಿಯವರೆಗೆ, ವಿದೇಶದ ಪೌರತ್ವ ಪಡೆಯದ ಕನ್ನಡಿಗರು ನಮೂನೆ 6ಎ ತುಂಬಿ ಪಟ್ಟಿಗಾದರೂ ಹೆಸರು ಸೇರಿಸಿಕೊಳ್ಳಲಿ. ಪಟ್ಟಿಯಲ್ಲೇ ಇಲ್ಲದವರ ಬೇಡಿಕೆಗೆ ಯಾವ ಸರ್ಕಾರವೂ ಅವಸರ ಮಾಡುವುದಿಲ್ಲ.