ಹನ್ನೊಂದು ತಿಂಗಳ ಗುತ್ತಿಗೆ, ಹತ್ತು ವರ್ಷದ ಸಂಕಟ

ಜನರ ಕಷ್ಟ ಕೇಳುವುದನ್ನೇ ಉದ್ಯೋಗ ಮಾಡಿಕೊಂಡು, ತಿಂಗಳ ಸಂಬಳ ಪಡೆದು, ನಿವೃತ್ತಿಯವರೆಗೂ ನೆಮ್ಮದಿಯಿಂದ ದುಡಿಯಬಹುದು ಎಂಬುದಕ್ಕೆ ಬೇರೆಲ್ಲೋ ಸಾಕ್ಷಿ ಹುಡುಕಬೇಕಿಲ್ಲ, ಭದ್ರಾವತಿಯೇ ಇದೆ. 1948ರ ಕಾರ್ಖಾನೆ ಕಾಯ್ದೆಯ 49ನೇ ಸೆಕ್ಷನ್ ಪ್ರಕಾರ 500 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆ ಕಲ್ಯಾಣಾಧಿಕಾರಿಯನ್ನು ನೇಮಿಸಲೇಬೇಕಿತ್ತು. ಆ ಹುದ್ದೆಯ ವಿದ್ಯಾರ್ಹತೆಗಳಲ್ಲಿ ಸಮಾಜಕಾರ್ಯದ ಪದವಿಯೂ ಒಂದಾಗಿತ್ತು. 1923ರಲ್ಲಿ ಉತ್ಪಾದನೆ ಶುರುಮಾಡಿದ ಕಬ್ಬಿಣದ ಕಾರ್ಖಾನೆ, 1936ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆ, ಇವುಗಳ ಆಸರೆಯಲ್ಲಿ ಬೆಳೆದ ನ್ಯೂಟೌನ್, ಪೇಪರ್‌ಟೌನ್ ಬಡಾವಣೆಗಳು: ಇಂಥ ಊರಿನಲ್ಲಿ ಕಾರ್ಮಿಕನ ಸಾಲ, ಕುಡಿತ, ಕಾಯಿಲೆ, ಮೇಲಧಿಕಾರಿಯೊಂದಿಗಿನ ಜಗಳ ಇವನ್ನೆಲ್ಲ ಕೇಳಬೇಕಾದ ಹೊಣೆಯನ್ನು ಕಾನೂನು ಒಂದು ಹುದ್ದೆಗೆ ಕಟ್ಟಿಟ್ಟಿತ್ತು. ಆಮೇಲೆ ನಡೆದದ್ದು ಎಲ್ಲರಿಗೂ ಗೊತ್ತು. 2015ರ ಕೊನೆಗೆ ಕಾಗದದ ಕಾರ್ಖಾನೆ ಎಂಪಿಎಂ ನಿಂತಿತು. 2023ರ ಜನವರಿಯಲ್ಲಿ ಕಬ್ಬಿಣದ ಕಾರ್ಖಾನೆ ವಿಐಎಸ್‌ಎಲ್ ಮುಚ್ಚುವ ನಿರ್ಧಾರ ಹೊರಬಿತ್ತು. ಕಾರ್ಮಿಕರ ಹೋರಾಟದ ನಂತರ ಪುನಶ್ಚೇತನದ ಮಾತು ನಡೆದಿದೆ. 2001ರಲ್ಲಿ 1.6 ಲಕ್ಷದಷ್ಟಿದ್ದ ಭದ್ರಾವತಿ ನಗರದ ಜನಸಂಖ್ಯೆ 2011ರ ಜನಗಣತಿಯ ಹೊತ್ತಿಗೇ 1.5 ಲಕ್ಷಕ್ಕೆ ಇಳಿದಿತ್ತು. ಕಾನೂನು ಗೇಟಿನ ಒಳಗಿರುವವರ ತಲೆ ಎಣಿಸಿ ಹುದ್ದೆ ಕೊಡುತ್ತದೆ. ಗೇಟು ಮುಚ್ಚಿದ ದಿನ ಕಾರ್ಮಿಕನ ಕಷ್ಟ ಇಮ್ಮಡಿಯಾಗುತ್ತದೆ; ಅದನ್ನು ಕೇಳಬೇಕಾದ ಹುದ್ದೆ ಅದೇ ದಿನ ಇಲ್ಲವಾಗುತ್ತದೆ. ಹೊಸ ಕಾರ್ಮಿಕ ಸಂಹಿತೆ 500ರ ಮಿತಿಯನ್ನು 250ಕ್ಕೆ ಇಳಿಸಿದೆ ನಿಜ, ಆದರೆ ಸ್ವಯಂನಿವೃತ್ತಿ (ವಿಆರ್‌ಎಸ್) ತೆಗೆದುಕೊಂಡು ಮನೆಯಲ್ಲಿ ಕುಳಿತವನಿಗೂ ಗುತ್ತಿಗೆ ಕೆಲಸ ಕಳೆದುಕೊಂಡು ಊರು ಬಿಟ್ಟವನ ಹೆಂಡತಿಗೂ ಅದರಿಂದ ಆಗುವುದೇನಿಲ್ಲ.

ಇಪ್ಪತ್ತು ಕಿಲೋಮೀಟರ್ ಆಚೆಯ ಶಿವಮೊಗ್ಗದಲ್ಲಿ ಚಿತ್ರ ಬೇರೆ. ಅದು ಜಿಲ್ಲಾ ಕೇಂದ್ರ, ಹಾಗಾಗಿ ಬೇರೆ ಬೇರೆ ಕಾನೂನು, ಯೋಜನೆಗಳು ಹುಟ್ಟುಹಾಕಿದ ಕೆಲಸಗಳು ಅಲ್ಲಿವೆ. ಮಕ್ಕಳ ರಕ್ಷಣಾ ಘಟಕದಲ್ಲಿ ಆಪ್ತಸಮಾಲೋಚಕರು ಮತ್ತು ಸಮಾಜ ಕಾರ್ಯಕರ್ತರು, ಎಚ್‌ಐವಿ ಪರೀಕ್ಷಾ ಕೇಂದ್ರಗಳಲ್ಲಿ ಸಮಾಲೋಚಕರು, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು, ನೊಂದ ಮಹಿಳೆಯರಿಗಾಗಿರುವ ಸಖಿ ಕೇಂದ್ರದಲ್ಲಿ ಮಹಿಳಾ ಸಿಬ್ಬಂದಿ. ಪಟ್ಟಿ ನೋಡಿದರೆ ಅವಕಾಶ ಸಾಕಷ್ಟಿದೆ ಅನ್ನಿಸುತ್ತದೆ. ಆದರೆ ಇವುಗಳಲ್ಲಿ ಬಹುಪಾಲು ಗುತ್ತಿಗೆ ಇಲ್ಲವೇ ಹೊರಗುತ್ತಿಗೆಯವು. ಹನ್ನೊಂದು ತಿಂಗಳು ಅಥವಾ ಒಂದು ವರ್ಷದ ಆದೇಶ, ಆಮೇಲೆ ನವೀಕರಣಕ್ಕೆ ಕಾಯುವುದು. ಮೇಲೇರಲು ಹುದ್ದೆಯಿಲ್ಲ, ಐದನೇ ವರ್ಷವೂ ಅದೇ ಕುರ್ಚಿ, ಹತ್ತನೇ ವರ್ಷವೂ ಅದೇ ಕುರ್ಚಿ. ಮೂವತ್ತರ ಆಸುಪಾಸಿನಲ್ಲಿ ಮದುವೆ, ಬಾಡಿಗೆ, ಮಗುವಿನ ಶಾಲೆಯ ಲೆಕ್ಕ ಎದುರಾದಾಗ ಓದಿದವರು ಕಂಪನಿಯ ಎಚ್‌ಆರ್ ವಿಭಾಗಕ್ಕೋ ಬೆಂಗಳೂರಿಗೋ ಹೋಗುವುದು ಸಹಜ. ಇದನ್ನು ನಾವು ಅವರ ಖಾಸಗಿ ತೊಂದರೆ ಎಂದು ನೋಡುತ್ತೇವೆ. ನನ್ನ ವಾದ ಇರುವುದು ಇಲ್ಲಿಯೇ: ಇದರಿಂದ ಹೆಚ್ಚು ಕಳೆದುಕೊಳ್ಳುವವರು ಅವರ ಮುಂದೆ ಕೂತು ಕಷ್ಟ ಹೇಳಿಕೊಂಡವರು. ವೈದ್ಯರಿಗೆ ಔಷಧ, ವಕೀಲರಿಗೆ ಕಾನೂನು ಪುಸ್ತಕ ಇರುವ ಹಾಗೆ ಈ ಕೆಲಸಕ್ಕೆ ಇರುವ ಒಂದೇ ಸಲಕರಣೆ ಪರಿಚಯ. ಮನೆಯಲ್ಲಿ ಹಿಂಸೆ ಅನುಭವಿಸುವ ಹೆಣ್ಣುಮಗಳು ಮೊದಲ ಭೇಟಿಯಲ್ಲಿ ರೇಷನ್ ಕಾರ್ಡಿನ ವಿಷಯ ಮಾತಾಡುತ್ತಾಳೆ, ಮೂರನೆಯದರಲ್ಲಿ ಅತ್ತೆಯ ವಿಷಯ; ಗಂಡ ಹೊಡೆಯುವ ಮಾತು ಬಾಯಿಗೆ ಬರುವುದು ಆರನೆಯದರಲ್ಲೋ ಏಳನೆಯದರಲ್ಲೋ. ಅಷ್ಟರಲ್ಲಿ ಗುತ್ತಿಗೆ ಮುಗಿದು ಎದುರಿಗೆ ಹೊಸ ಮುಖ ಕೂತಿದ್ದರೆ ಆಕೆ ಮತ್ತೆ ರೇಷನ್ ಕಾರ್ಡಿನಿಂದಲೇ ಶುರುಮಾಡಬೇಕು. ಎಷ್ಟು ಸಲ ಮಾಡಿಯಾಳು?

ಇನ್ನೂ ದೀರ್ಘವಾದ ಉದಾಹರಣೆ ಬೇಕಿದ್ದರೆ ಶರಾವತಿ ಸಂತ್ರಸ್ತರನ್ನು ನೋಡಬಹುದು. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಮುಳುಗಡೆಯಾದ ಊರುಗಳ ಕುಟುಂಬಗಳನ್ನು ಶಿವಮೊಗ್ಗ, ಭದ್ರಾವತಿ ತಾಲ್ಲೂಕುಗಳ ಅರಣ್ಯ ಪ್ರದೇಶಗಳಿಗೂ ತಂದು ಬಿಟ್ಟರು. ಅರವತ್ತು ವರ್ಷ ಕಳೆದರೂ ಎಷ್ಟೋ ಮನೆಗಳಿಗೆ ಹಕ್ಕುಪತ್ರದ ಚಿಂತೆ ತಪ್ಪಿಲ್ಲ. ಅಜ್ಜನ ಕಾಲದ ಆದೇಶ, ಅಪ್ಪ ಕೊಟ್ಟ ಅರ್ಜಿ, ಮಗನಿಗೆ ಬಂದ ನೋಟಿಸು, ಮೂರನ್ನೂ ಒಟ್ಟಿಗೆ ಓದಬಲ್ಲ ಒಬ್ಬರು ಸಿಗುವುದೇ ಇಂಥ ಕುಟುಂಬಕ್ಕೆ ದೊಡ್ಡ ಸಹಾಯ. ವರ್ಷ ವರ್ಷ ಬದಲಾಗುವ ಸಿಬ್ಬಂದಿಯಿಂದ ಅದು ಆಗುವ ಕೆಲಸವೇ ಅಲ್ಲ.

ಇಲ್ಲಿ ಭಾಷೆಯ ಪಾತ್ರವೂ ಇದೆ. ಕನ್ನಡದಲ್ಲಿ ಈ ವಿಷಯದ ಸಾಹಿತ್ಯ ಬೆಳೆಸಿದ ಬೆಂಗಳೂರು ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಎಚ್.ಎಂ. ಮರುಳಸಿದ್ಧಯ್ಯನವರು ‘ಸಮಾಜಸೇವೆ’ ಎನ್ನದೆ ‘ಸಮಾಜಕಾರ್ಯ’ ಎಂದು ಬರೆದರು. ಸೇವೆಯನ್ನು ಯಾರು ಬೇಕಾದರೂ ಮಾಡಬಹುದು, ಮಾಡಬೇಕು ಕೂಡ. ಕಾರ್ಯಕ್ಕೆ ಕಲಿಕೆ ಬೇಕು, ಅಭ್ಯಾಸ ಬೇಕು, ತಪ್ಪಾದರೆ ಉತ್ತರ ಕೊಡುವ ಹೊಣೆಯೂ ಬೇಕು. ಆದರೆ ಊರಿನ ಬಾಯಲ್ಲಿ ಉಳಿದದ್ದು ‘ಸಮಾಜ ಸೇವಕ’. ಹಬ್ಬಕ್ಕೆ ಶುಭಾಶಯ ಕೋರುವ ಫ್ಲೆಕ್ಸಿನಲ್ಲಿ ಹೆಸರಿನ ಕೆಳಗೆ ಬರುವುದೂ ಅದೇ ಪದ, ಎರಡು ವರ್ಷ ಸಮಾಜಕಾರ್ಯದ ಸ್ನಾತಕೋತ್ತರ ಪದವಿ (ಎಂ.ಎಸ್.ಡಬ್ಲ್ಯು.) ಓದಿ ಬಾಲಮಂದಿರದಲ್ಲಿ ಕೆಲಸ ಮಾಡುವವರಿಗೂ ಅದೇ ಪದ. ಹೀಗೆ ಕೆಲಸ ಸೇವೆಯಾಯಿತು, ಸಂಬಳ ‘ಗೌರವಧನ’ವಾಯಿತು. ಈ ಒಂದು ಪದ ಮಾಡಿರುವ ಅನ್ಯಾಯ ಸಣ್ಣದಲ್ಲ. ಸಂಬಳವೆಂದರೆ ಕನಿಷ್ಠ ವೇತನ, ಭವಿಷ್ಯನಿಧಿ, ಗ್ರಾಚ್ಯುಟಿ ಎಲ್ಲವೂ ಹಿಂದೆಯೇ ಬರುತ್ತವೆ; ಗೌರವಧನಕ್ಕೆ ಅವು ಯಾವುವೂ ಅಂಟುವುದಿಲ್ಲ. ತಿಂಗಳಿಗೆ ಖಚಿತವಾಗಿ 10,000 ರೂಪಾಯಿ ಸಿಗುವ ಭರವಸೆಗಾಗಿ 2025ರ ಜನವರಿಯಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಹಗಲು ರಾತ್ರಿ ಕೂರಬೇಕಾಯಿತು. ಅಂಗನವಾಡಿ ಕಾರ್ಯಕರ್ತೆಯರೂ ಗ್ರಾಚ್ಯುಟಿಗೆ ಅರ್ಹರು ಎಂದು ಹೇಳಲು ಸುಪ್ರೀಂ ಕೋರ್ಟೇ ಬೇಕಾಯಿತು. ಅದೂ 2022ರಲ್ಲಿ, ಆ ಯೋಜನೆ ಹುಟ್ಟಿ ನಲವತ್ತಾರು ವರ್ಷ ತುಂಬಿದ ಮೇಲೆ.

ಸೇವೆಗೆ ಬೆಲೆ ಕಟ್ಟಬಾರದು, ಸಂಬಳ ಸೇರಿದರೆ ಅಂತಃಕರಣ ಒಣಗುತ್ತದೆ ಎಂಬ ಆಕ್ಷೇಪ ಇಲ್ಲಿ ಏಳುತ್ತದೆ. ಈ ಜಿಲ್ಲೆಯಲ್ಲಿ ಅದಕ್ಕೆ ವಿಶೇಷ ತೂಕವಿದೆ. 1951ರ ಕಾಗೋಡು ಸತ್ಯಾಗ್ರಹದಲ್ಲಿ ಜೈಲಿಗೆ ಹೋದ ಗೇಣಿದಾರರಾಗಲಿ, ಅವರ ಬೆನ್ನಿಗೆ ನಿಂತ ಸಮಾಜವಾದಿಗಳಾಗಲಿ ಯಾರಿಂದಲೂ ಸಂಬಳ ಪಡೆಯಲಿಲ್ಲ. ಅಂಥವರ ನೆನಪಿರುವ ನೆಲದಲ್ಲಿ ವೇತನಶ್ರೇಣಿಯ ಮಾತು ಸಣ್ಣದಾಗಿ ಕೇಳಿಸುವುದು ಸಹಜವೇ. ಆದರೆ ಚಳವಳಿಯ ಸ್ವಭಾವ ಬೇರೆ, ಈ ಕೆಲಸದ ಸ್ವಭಾವ ಬೇರೆ. ಚಳವಳಿ ಅನ್ಯಾಯದ ಕಾನೂನನ್ನು ಬದಲಿಸುತ್ತದೆ. ಬದಲಾದ ಕಾನೂನು ಶಿವಮೊಗ್ಗದ ಗೋಪಾಳದ ಒಂದು ಮನೆಗೋ ಭದ್ರಾವತಿಯ ಹೊಸಮನೆಯ ಒಬ್ಬ ಅಜ್ಜಿಗೋ ತಲುಪುವಂತೆ ಮಾಡಲು ಯಾರಾದರೂ ಪ್ರತಿ ಸೋಮವಾರ ಕಚೇರಿ ಬಾಗಿಲು ತೆರೆದು ಕೂರಲೇಬೇಕು. ಉತ್ಸಾಹದ ಮೇಲೆ ವರ್ಷಗಟ್ಟಲೆ ಹಾಗೆ ಕೂರಲು ಯಾರಿಂದ ಸಾಧ್ಯ? ಮನೆಯಲ್ಲಿ ಬೇರೆ ಆದಾಯ ಇರುವವರಿಂದ ಮಾತ್ರ. ಸಂಬಳವಿಲ್ಲದ ಸೇವೆಯನ್ನೇ ಆದರ್ಶ ಮಾಡಿದರೆ ಬಡವರ ಮನೆಯ, ದಲಿತರ ಕೇರಿಯ ಹುಡುಗ ಹುಡುಗಿಯರಿಗೆ ಈ ಬಾಗಿಲು ಮುಚ್ಚಿದಂತೆ. ಕಷ್ಟವನ್ನು ಒಳಗಿನಿಂದ ಬಲ್ಲವರು ಅವರೇ ಅಲ್ಲವೇ? ನಮ್ಮದೇ ಪರಂಪರೆಯೂ ಬಿಟ್ಟಿ ದುಡಿಮೆಯನ್ನು ಹೊಗಳಿಲ್ಲ. ಅಲ್ಲಮ, ಅಕ್ಕ ಹುಟ್ಟಿದ ಜಿಲ್ಲೆ ಇದು. ಶರಣರು ಹೇಳಿದ ಕಾಯಕದಲ್ಲಿ ದುಡಿಮೆಯೂ ಉಂಟು, ಅದರ ಪ್ರತಿಫಲವೂ ಉಂಟು; ದಾಸೋಹ ಹುಟ್ಟುವುದೇ ಆ ಪ್ರತಿಫಲದಿಂದ. ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದ ಗಂಡನಿಗೆ ಅದನ್ನು ಹಿಂದಿರುಗಿಸಿ ಬಾ ಎಂದ ಆಯ್ದಕ್ಕಿ ಲಕ್ಕಮ್ಮ ಬೇಡವೆಂದದ್ದು ದುರಾಸೆಯನ್ನು. ದಿನದ ಅಕ್ಕಿ ಅವಳ ಮನೆಗೂ ಬೇಕಿತ್ತು.

ತೃಪ್ತಿಯ ಪ್ರಶ್ನೆಯನ್ನೂ ಸಂಬಳದಿಂದ ಪೂರ್ತಿ ಬೇರ್ಪಡಿಸಲಾಗದು. ಹಿಡಿದ ಪ್ರಕರಣ ದಡ ಮುಟ್ಟುವುದನ್ನು ಕಣ್ಣಾರೆ ಕಾಣುವುದು ಈ ವೃತ್ತಿಯ ನಿಜವಾದ ಸಂತೋಷ: ಶಾಲೆ ಬಿಟ್ಟ ಹುಡುಗಿ ಎಸ್ಸೆಸ್ಸೆಲ್ಸಿ ಪಾಸಾಗುವುದು, ಕುಡಿತ ಬಿಟ್ಟವನು ಎರಡನೇ ವರ್ಷವೂ ಬಿಟ್ಟೇ ಇರುವುದು. ಅಲ್ಪಾವಧಿಯ ಗುತ್ತಿಗೆ ಕಸಿದುಕೊಳ್ಳುವುದು ಇದನ್ನೇ, ಬರೀ ಆರಂಭಗಳನ್ನು ಕೊಟ್ಟು ಮುಕ್ತಾಯಗಳನ್ನು ಕಿತ್ತುಕೊಳ್ಳುತ್ತದೆ. ಅದರ ಮೇಲೆ ದಿನವೂ ಪರರ ನೋವು ಕೇಳಿ ಕೇಳಿ ಮನಸ್ಸು ದಣಿಯುತ್ತದೆ. ಮನಸ್ಸಿಗೂ ಪರಿಣತ ಆರೈಕೆ ಬೇಕೆಂಬುದನ್ನು ಶಿವಮೊಗ್ಗದ ಜನಕ್ಕೆ ಹೊಸದಾಗಿ ಹೇಳಬೇಕಿಲ್ಲ. ಮನೋವೈದ್ಯ ಅಶೋಕ್ ಪೈ ತಮ್ಮ ಮಾನಸ ಸಂಸ್ಥೆ, ಬರಹ ಮತ್ತು ಸಿನಿಮಾಗಳ ಮೂಲಕ ಅದನ್ನು ಮನೆಮಾತು ಮಾಡಿದರು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಬೇರು ಕೂಡ ಕರ್ನಾಟಕದ್ದೇ: 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ಮಾಡಿದ ಪ್ರಯೋಗ 1996ರಲ್ಲಿ ರಾಷ್ಟ್ರೀಯ ಯೋಜನೆಯಾಯಿತು. ಅಂಥ ರಾಜ್ಯದಲ್ಲಿ ಸಮಾಲೋಚಕರೇ ಕುಸಿದಾಗ ಅವರ ಮಾತು ಕೇಳುವ ಹಿರಿಯರಿಲ್ಲ. ಮೇಲಿನ ಹುದ್ದೆಯೇ ಇಲ್ಲದ ಮೇಲೆ ಹಿರಿಯರು ಎಲ್ಲಿಂದ ಬರಬೇಕು? ಬಡ್ತಿ ಬೇಕೆನ್ನುವುದು ಹಣಕ್ಕಾಗಿ ಮಾತ್ರವಲ್ಲ. ಹದಿನೈದು ವರ್ಷ ಅನುಭವ ಇರುವವರು ಹೊಸಬರ ಪ್ರಕರಣಗಳನ್ನು ವಾರಕ್ಕೊಮ್ಮೆ ಕೂತು ಪರಿಶೀಲಿಸುವ ವ್ಯವಸ್ಥೆ ಇದ್ದರೆ ತಪ್ಪುಗಳೂ ಕಡಿಮೆ, ದಣಿವೂ ಕಡಿಮೆ.

ಎರಡನೇ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ಕೆಲಸ ಕಾಯಂ ಮಾಡಿದರೆ ಇವರೂ ಫೈಲಿನ ಹಿಂದೆ ಅಡಗುವ ನೌಕರರಾಗುತ್ತಾರೆ. ಈ ಭಯ ಆಧಾರವಿಲ್ಲದ್ದು ಎನ್ನಲಾರೆ. ಆದರೆ ಗುತ್ತಿಗೆ ಅದಕ್ಕೆ ಮದ್ದಾಗಿಲ್ಲ. ನವೀಕರಣ ಮೇಲಧಿಕಾರಿಯ ಸಹಿಗೆ ನಿಂತಿರುವಾಗ ಗುತ್ತಿಗೆ ನೌಕರ ಹೆದರುವುದು ಮೇಲಧಿಕಾರಿಗೆ, ಉತ್ತರ ಕೊಡಬೇಕಾದ ಜನರಿಗೆ ಅಲ್ಲ. ಪ್ರಭಾವಿ ವ್ಯಕ್ತಿಯ ಮನೆಯ ಬಾಲ್ಯವಿವಾಹವನ್ನು ತಡೆಯಬೇಕಾದ ದಿನ ಅವರಿಗೆ ಬೆನ್ನುಮೂಳೆ ಎಲ್ಲಿಂದ ಬರಬೇಕು? ಸೋಮಾರಿತನಕ್ಕೂ ದುರ್ನಡತೆಗೂ ಸರಿಯಾದ ಮದ್ದು ವೃತ್ತಿಯದೇ ಕಟ್ಟುಪಾಡು. ವೈದ್ಯರ ನೋಂದಣಿ ರದ್ದುಮಾಡಬಲ್ಲ ಮಂಡಳಿ ಇದೆ, ವಕೀಲರಿಗೆ ಪರಿಷತ್ತಿದೆ. ಸಮಾಜ ಕಾರ್ಯಕರ್ತರಿಗೆಂದೇ ರಾಷ್ಟ್ರಮಟ್ಟದ ಪರಿಷತ್ತು ಭಾರತದಲ್ಲಿ ಇಂದಿಗೂ ಇಲ್ಲ. ಬಾಂಬೆಯಲ್ಲಿ ದೇಶದ ಮೊದಲ ಸಮಾಜಕಾರ್ಯ ಶಿಕ್ಷಣ ಸಂಸ್ಥೆ ಶುರುವಾದದ್ದು 1936ರಲ್ಲಿ, ಅಂದರೆ ನಮ್ಮ ಕಾಗದದ ಕಾರ್ಖಾನೆಯ ವಯಸ್ಸೇ ಅದಕ್ಕೂ. ಫಿಲಿಪ್ಪೀನ್ಸ್ 1965ರಲ್ಲೇ ಪರೀಕ್ಷೆ, ನೋಂದಣಿ ಕಡ್ಡಾಯ ಮಾಡುವ ಕಾನೂನು ತಂದಿತು. ನಮ್ಮಲ್ಲಿ 2021ರ ಆರೋಗ್ಯ ಸಂಬಂಧಿ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜ ಕಾರ್ಯಕರ್ತರನ್ನು ತನ್ನ ಪಟ್ಟಿಗೆ ಸೇರಿಸಿರುವುದು ಒಳ್ಳೆಯ ಹೆಜ್ಜೆ. ಆಸ್ಪತ್ರೆಯ ಹೊರಗೆ ದುಡಿಯುವವರಿಗೂ ನೋಂದಣಿ ಬರಬೇಕು, ಕಾಯಂ ಮಾಡುವಾಗ ಅದನ್ನೇ ಷರತ್ತಾಗಿಸಬೇಕು.

ಹಣ ಎಲ್ಲಿದೆ ಎಂದು ಕೇಳುವವರು ನಗರಸಭೆಯ ಬಜೆಟ್ ಪುಸ್ತಕವನ್ನು ಒಮ್ಮೆ ತಿರುವಿಹಾಕಬಹುದು. ಪರಿಶಿಷ್ಟರಿಗೆ ಶೇ 24.10, ಇತರ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5 ಎಂದು ರಾಜ್ಯದ ನಗರ ಸ್ಥಳೀಯ ಸಂಸ್ಥೆಗಳು ಅನುದಾನ ಮೀಸಲಿಡಬೇಕು. ಈ ಹಣ ಸರಿಯಾಗಿ ಖರ್ಚಾಗುವುದಿಲ್ಲ ಎಂಬ ದೂರು ಹಳೆಯದು. ಖರ್ಚಾದಾಗಲೂ ಅದು ಹೊಲಿಗೆ ಯಂತ್ರ, ತ್ರಿಚಕ್ರ ವಾಹನ, ಶುಲ್ಕ ಮರುಪಾವತಿಯ ರೂಪದಲ್ಲಿ ಕೈಸೇರುತ್ತದೆ. ಯಾರಿಗೆ ಯಾವುದು ಬೇಕು, ಕೊಟ್ಟದ್ದು ಆರು ತಿಂಗಳ ನಂತರ ಬಳಕೆಯಲ್ಲಿದೆಯೇ ಎಂದು ಮನೆಗೆ ಹೋಗಿ ನೋಡುವವರಿಲ್ಲ. ಮಾರ್ಗಸೂಚಿ ಬದಲಿಸಿ ಇದರ ಸಣ್ಣ ಪಾಲನ್ನು ವಾರ್ಡ್ ಮಟ್ಟದ ಸಮಾಜ ಕಾರ್ಯಕರ್ತರ ಸಂಬಳಕ್ಕೆ ಎತ್ತಿಟ್ಟರೆ ಉಳಿದ ಪಾಲು ಹೆಚ್ಚು ಸಾರ್ಥಕವಾದೀತು. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ಹಣದ ಕಥೆಯೂ ಅಂಥದ್ದೇ. ಆಡಳಿತ ವೆಚ್ಚ ಶೇ 5 ಮೀರಬಾರದು ಎಂಬ ನಿಯಮ ತೋರಿಸಿ ದಾನಿಗಳು ಸಂಬಳಕ್ಕೆ ಕತ್ತರಿ ಹಾಕುವುದುಂಟು. ಆದರೆ ಆ ಮಿತಿ ಕಂಪನಿಯ ಸ್ವಂತ ಆಡಳಿತಕ್ಕೆ ಸಂಬಂಧಿಸಿದ್ದು. ಯೋಜನೆಯನ್ನು ನೇರವಾಗಿ ಜಾರಿಮಾಡುವ ಖರ್ಚು ಅದರೊಳಗೆ ಬರುವುದಿಲ್ಲ ಎಂದು 2021ರ ತಿದ್ದುಪಡಿ ನಿಯಮಗಳೇ ಹೇಳುತ್ತವೆ. ಕಂಬಳಿಗೆ ಹಣ ಕೊಟ್ಟು, ಕಂಬಳಿ ಯಾರಿಗೆ ಬೇಕೆಂದು ತಿಳಿದುಕೊಂಡು ಬರುವವರಿಗೆ ಕೊಡದಿರುವುದು ಅಭ್ಯಾಸದೋಷ, ಕಾನೂನಿನ ಕಟ್ಟಳೆ ಅಲ್ಲ.

ಸಮಾಜಕಾರ್ಯ ಓದುತ್ತಿರುವವರ ಪಾಲಿನ ಕೆಲಸವೂ ಸ್ವಲ್ಪ ಇದೆ. ಎಂ.ಎಸ್.ಡಬ್ಲ್ಯು. ಒಂದೇ ಸಾಲದು, ಮಕ್ಕಳ ಕಾನೂನೋ, ವ್ಯಸನಮುಕ್ತಿಯೋ, ವೃದ್ಧರ ಆರೈಕೆಯೋ, ಒಂದು ವಿಷಯದಲ್ಲಿ ಆಳ ಬೇಕು. ಕನ್ನಡದಲ್ಲಿ ಚೊಕ್ಕಟವಾಗಿ ಪ್ರಕರಣದ ವರದಿ ಬರೆಯಲು ಬರಬೇಕು, ಏಕೆಂದರೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಒಂದು ಮಗುವಿನ ಭವಿಷ್ಯ ಆ ಎರಡು ಪುಟಗಳ ಮೇಲೆ ನಿಂತಿರುತ್ತದೆ. ಕೆಲಸಕ್ಕೆ ಸೇರುವಾಗ ನೇಮಕಾತಿ ಪತ್ರ, ಭವಿಷ್ಯನಿಧಿ, ಇಎಸ್‌ಐ ಕೇಳಲು ಸಂಕೋಚಪಡಬಾರದು. ಇತರರ ಹಕ್ಕಿನ ಅರ್ಜಿ ಬರೆಯುವವರು ತಮ್ಮ ಹಕ್ಕನ್ನು ಮರೆತರೆ ಆ ಅರ್ಜಿಗೂ ಬಲ ಕಡಿಮೆ.

ಶುರುಮಾಡಲು ಭದ್ರಾವತಿಯಷ್ಟು ತಕ್ಕ ಊರು ಇನ್ನೊಂದಿಲ್ಲ. ಕುವೆಂಪು ವಿಶ್ವವಿದ್ಯಾಲಯದ ಶಂಕರಘಟ್ಟ ಇರುವುದೇ ಆ ತಾಲ್ಲೂಕಿನಲ್ಲಿ. ಸಮಾಜಕಾರ್ಯದ ವಿದ್ಯಾರ್ಥಿಗಳು ಕ್ಷೇತ್ರಕಾರ್ಯಕ್ಕೆ ಹೇಗೂ ಊರೊಳಗೆ ಹೋಗಲೇಬೇಕು. ನಗರಸಭೆ ನಾಲ್ಕೈದು ವಾರ್ಡುಗಳಿಗೆ ಒಬ್ಬರಂತೆ ಕಾಯಂ ಸಮಾಜ ಕಾರ್ಯಕರ್ತರನ್ನು ನೇಮಿಸಲಿ, ವಿಶ್ವವಿದ್ಯಾಲಯ ಅವರ ಮೇಲ್ವಿಚಾರಣೆ ಮತ್ತು ತರಬೇತಿ ವಹಿಸಿಕೊಳ್ಳಲಿ, ಮೊದಲ ಕಚೇರಿ ಪೇಪರ್‌ಟೌನಿನಲ್ಲೇ ತೆರೆಯಲಿ. ಕಾರ್ಖಾನೆಯ ಗೇಟಿನ ಒಳಗೆ ಕಾನೂನು ಹಾಕಿಸಿದ್ದ ಆ ಕುರ್ಚಿಯನ್ನು ಈಗ ಗೇಟಿನ ಹೊರಗೆ, ಊರಿನ ನಡುವೆ ಹಾಕಬೇಕಾಗಿದೆ. ಐದು ವರ್ಷ ಬಿಟ್ಟು ಬಂದವರಿಗೂ ಅದರ ಮೇಲೆ ಅದೇ ಮುಖ ಕಾಣುವಂತಿರಬೇಕು.