ಪಾರ್ಟು ಸಿಗುತ್ತೆ, ಹೇಳೋರು ಸಿಗಲ್ಲ

ಕಳೆದ ತಿಂಗಳವರೆಗೂ ನನ್ನ ಬಾಡಿಗೆ ಮನೆಯ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸೋಕೆ ಜಾಗ ಇರಲಿಲ್ಲ. ಅಲ್ಲಿ ತಾತನ ಜಾವಾದ ಎಂಜಿನ್ ಬಿಚ್ಚಿಕೊಂಡು ಕೂತಿತ್ತು. ಒಂದೂಕಾಲು ವರ್ಷ! ಮನೆಗೆ ಬಂದವರೆಲ್ಲ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. "ಇದಕ್ಕೆಲ್ಲ ಈಗ ಪಾರ್ಟು ಎಲ್ಲಿ ಸಿಗುತ್ತೆ ಗುರೂ?"

ನಾನೂ ಶುರುವಿನಲ್ಲಿ ಅದನ್ನೇ ಕೇಳುತ್ತಿದ್ದೆ. ಈಗ ಅನ್ನಿಸುತ್ತೆ, ಪ್ರಶ್ನೆಯೇ ತಪ್ಪು.

ಗಾಡಿಯ ಕಥೆ ಚಿಕ್ಕದು. ತಿಪಟೂರಿನ ಹತ್ತಿರ ನಮ್ಮೂರು. ಕೊಬ್ಬರಿ ವ್ಯಾಪಾರ ಮಾಡುತ್ತಿದ್ದ ತಾತ 1969ರಲ್ಲಿ ಕೊಂಡ ಗಾಡಿ ಅದು. ಅವರು ಹೋದಮೇಲೆ ಕೊಟ್ಟಿಗೆ ಸೇರಿ, ಮೇಲೆ ತೆಂಗಿನ ಗರಿ ಬಿದ್ದು, ಒಳಗೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ಕಲ್ಲಾಗಿತ್ತು. ಜಾವಾದಲ್ಲಿ ಕಿಕ್ಕರಿಗೂ ಗೇರಿಗೂ ಒಂದೇ ಲಿವರ್ ಅನ್ನೋದು ಓಡಿಸಿದವರಿಗೆ ಗೊತ್ತು. ಚಿಕ್ಕಂದಿನಲ್ಲಿ ಆ ಲಿವರನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿ ಕಿಕ್ಕರ್ ಮಾಡೋದೇ ನಮಗೊಂದು ಆಟ. ಆ ಲಿವರ್ ಮೇಲೆ ಹತ್ತಿ ನಿಂತರೂ ಅಲ್ಲಾಡಲ್ಲ ಅಂದಾಗ ಯಾಕೋ ಸಂಕಟ ಆಯ್ತು. ಒಂದು ತಿಂಗಳ ಕೆಲಸ ಅಂದುಕೊಂಡು ಬೆಂಗಳೂರಿಗೆ ತಂದೆ. (ನಗಬೇಡಿ.)

ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಗಾಡಿಗಳು ಹೊರಗೆ ಬರೋಕೆ ಶುರುವಾದವು. ಮೂಲ ಚೆಕೊಸ್ಲೊವಾಕಿಯದ್ದು. 1973ರಿಂದ ಯೆಜ್ಡಿ ಅನ್ನೋ ಹೆಸರು ಬಂತು, 1996ರಲ್ಲಿ ಬಾಗಿಲು ಹಾಕಿತು. 2018ರಲ್ಲಿ ಜಾವಾ ಹೆಸರಲ್ಲಿ ಹೊಸ ಗಾಡಿ ಬಂತಲ್ಲ ಅಂತೀರಾ? ಅದು ಫೋರ್ ಸ್ಟ್ರೋಕ್, ಎಂಜಿನ್ ತಣಿಸೋಕೆ ನೀರಿನ ರೇಡಿಯೇಟರ್ ಬೇರೆ. ನಮ್ಮದು ಟೂ ಸ್ಟ್ರೋಕ್. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಬೇಕು. ಹೆಸರು ಒಂದೇ, ಸಂಬಂಧ ದೂರದ್ದು.

ಹಾಗಿದ್ದರೂ ಪಾರ್ಟು ಸಿಗುತ್ತೆ. ಬೇರಿಂಗ್ ಮೇಲೆ ನಂಬರ್ ಕೆತ್ತಿರುತ್ತೆ, ಎಸ್.ಜೆ.ಪಿ. ರಸ್ತೆಗೆ ಹೋಗಿ ನಂಬರ್ ಹೇಳಿದರೆ ಕೊಡ್ತಾರೆ. ಅದು ಜಾವಾಕ್ಕೋ ನೀರಿನ ಪಂಪಿಗೋ ಅಂತ ಕೇಳೋದೂ ಇಲ್ಲ. ಆಯಿಲ್ ಸೀಲಿಗೆ ಮೂರು ಅಳತೆ ಸಾಕು: ಒಳ ವ್ಯಾಸ, ಹೊರ ವ್ಯಾಸ, ದಪ್ಪ. ಜೆ.ಸಿ. ರಸ್ತೆಯಲ್ಲಿ ಅರ್ಧ ದಿನ ಅಲೆದರೆ ಗ್ಯಾಸ್ಕೆಟ್ಟು, ಕ್ಲಚ್ ಪ್ಲೇಟು, ಪ್ರೈಮರಿ ಚೈನು ಎಲ್ಲ ಬಂತು. ಕೆಲವಕ್ಕೆ ಮೂಗಿಗಿಂತ ಮೂಗುತಿ ಭಾರ, ಅದು ಬೇರೆ ಮಾತು. "ಜಾವಾದ್ದೂ ಯೆಜ್ಡಿಯದ್ದೂ ಒಂದೇ ಸಾರ್" ಅಂತ ಕೈಗೆ ತುರುಕೋದು ಇನ್ನೊಂದು ರಗಳೆ. ಎಷ್ಟೋ ಪಾರ್ಟು ಒಂದೇ, ನಿಜ. ಎಲ್ಲವೂ ಅಲ್ಲ.

ಕೆಲಸ ಕೆಟ್ಟಿದ್ದು ಪಾರ್ಟಿನಿಂದ ಅಲ್ಲ, ನನಗೆ ಗೊತ್ತಿಲ್ಲದ್ದರಿಂದ. ಸಿಲಿಂಡರ್ ಒಳಗೆ ಗೀರು ಬಿದ್ದಿತ್ತು. ಬೋರ್ ಮಾಡಿಸಬೇಕು ಅಂತ ಎಲ್ಲರೂ ಹೇಳಿದರು, ಒಂದು ಲೇತ್ ಅಂಗಡಿಗೆ ಕೊಟ್ಟೆ, ಗೀರು ಹೋಗುವಷ್ಟು ಕೊರೆದು ಕೊಟ್ಟರು. ಆಮೇಲೆ ಆ ಸೈಜಿನ ಪಿಸ್ಟನ್ ಹುಡುಕುತ್ತಾ ಹೊರಟೆ. ನಾಲ್ಕು ತಿಂಗಳು! ಸಿಕ್ಕಿದ್ದೆಲ್ಲ ಒಂದು ಸೈಜ್ ಮೇಲೆ, ಇಲ್ಲವೇ ಒಂದು ಸೈಜ್ ಕೆಳಗೆ.

ಆಗ ಗೆಳೆಯನೊಬ್ಬ ಮೈಸೂರಿನಲ್ಲಿರುವ ತನ್ನ ಸೋದರಮಾವನ ಹತ್ತಿರ ಕರೆದುಕೊಂಡು ಹೋದ. ಕಾರ್ಖಾನೆಯಲ್ಲಿ ಎಂಜಿನ್ ಜೋಡಿಸುವ ಕೆಲಸದಲ್ಲಿದ್ದವರು, ಈಗ ಎಪ್ಪತ್ತೈದು ದಾಟಿದೆ, ಕೈ ಸ್ವಲ್ಪ ನಡುಗುತ್ತೆ. ಸಿಲಿಂಡರ್ ಒಳಗೆ ಬೆರಳು ಆಡಿಸಿ, "ಪಿಸ್ಟನ್ ಎಲ್ಲಪ್ಪ?" ಅಂದರು.

"ಇನ್ನೂ ಸಿಕ್ಕಿಲ್ಲ ಸಾರ್."

"ಅಯ್ಯೋ, ಮೊದಲು ಪಿಸ್ಟನ್ ತರ್ತಾರೆ ಕಣಪ್ಪಾ. ಅದನ್ನ ಅಳೆದು, ಅದಕ್ಕೆ ತಕ್ಕಂಗೆ ಬೋರ್ ಹೊಡಿಸ್ತಾರೆ."

ಚಪ್ಪಲಿ ತಂದು ಅದಕ್ಕೆ ತಕ್ಕ ಹಾಗೆ ಕಾಲು ಕೊಯ್ಯೋದು ಅಂದ ಹಾಗೆ ಕೇಳುತ್ತೆ. ಆದರೆ ಇಲ್ಲಿ ಅದೇ ಸರಿ. ಪಿಸ್ಟನ್ ಬಿಸಿಗೆ ಹಿಗ್ಗುತ್ತೆ, ಒಂದೊಂದು ಮೇಕು ಒಂದೊಂದು ಥರ. ಡಬ್ಬಿ ಮೇಲೆ ಬರೆದ ಸೈಜನ್ನು ನಂಬೋ ಹಾಗಿಲ್ಲ. ಕೊನೆಗೆ ಆ ಸಿಲಿಂಡರಿಗೆ ಹೊಸ ಸ್ಲೀವ್ ಹಾಕಿಸಿ, ಕೈಯಲ್ಲಿದ್ದ ಪಿಸ್ಟನ್ನಿಗೆ ಹೊಂದುವ ಹಾಗೆ ಮತ್ತೆ ಬೋರ್ ಮಾಡಿಸಿದೆ. ಒಂದು ವಾಕ್ಯ ಗೊತ್ತಿದ್ದಿದ್ದರೆ ನಾಲ್ಕು ತಿಂಗಳು ಉಳಿಯುತ್ತಿತ್ತು. ಮೆಕ್ಯಾನಿಕಲ್ ಓದಿದ ಎಂಜಿನಿಯರ್ ನಾನು, ಅದೂ ಫಸ್ಟ್ ಕ್ಲಾಸು!

ಆವತ್ತು ಮಧ್ಯಾಹ್ನ ಊಟ ಆದಮೇಲೆ ಅವರು ಇನ್ನೂ ಎಷ್ಟೋ ಹೇಳಿದರು. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ರಿಂಗಿನ ಬಾಯಿ ಸಿಲಿಂಡರಿನ ಕಿಂಡಿಗೆ ಸಿಕ್ಕಿ ಮುರಿಯಬಾರದು ಅಂತ ಪಿಸ್ಟನ್ನಿನಲ್ಲಿ ಸಣ್ಣ ಪಿನ್ ಕೊಟ್ಟಿರುತ್ತಾರೆ, ಹಾಗಾಗಿ ಪಿಸ್ಟನ್ ಹಿಂದುಮುಂದಾದರೆ ಕಥೆ ಮುಗೀತು. ಕ್ರ್ಯಾಂಕ್ ಕೇಸಿನೊಳಗೇ ಪೆಟ್ರೋಲು ಗಾಳಿ ಒತ್ತಿಕೊಂಡು ಮೇಲೆ ಹೋಗಬೇಕಾದ್ದರಿಂದ ಎರಡು ಕಡೆಯ ಸೀಲೂ ಬಿಗಿ ಇರಲೇಬೇಕು. ಬಲಗಡೆ, ಅಂದರೆ ಡೈನಮೋ ಕಡೆ ಸೀಲು ಹೋದರೆ ಹೊರಗಿನ ಗಾಳಿ ಎಳೆದು ಎಂಜಿನ್ ಕಾಯುತ್ತೆ, ಮತ್ತೆ ಜಾಮ್ ಆಗುತ್ತೆ. ಎಡಗಡೆ ಹೋದರೆ ಗೇರ್ ಆಯಿಲ್ ಎಳೆದುಕೊಂಡು ಹೊಗೆ. ಡೈನಮೋದ ರೋಟರನ್ನು ಸುತ್ತಿಗೆಯಲ್ಲಿ ಬಡಿದು ತೆಗೆಯಬಾರದು, ಅದಕ್ಕೆ ತಕ್ಕ ಬೋಲ್ಟು ಮಾಡಿಸಿಕೋ ಅಂದರು. (ಅಷ್ಟೊತ್ತಿಗೆ ನಾನು ಬಡಿದಾಗಿತ್ತು.)

"ಇದೆಲ್ಲ ಎಲ್ಲಾದರೂ ಬರೆದಿಟ್ಟಿದ್ದೀರಾ ಸಾರ್?" ಅಂತ ಕೇಳಿದೆ. ಒಂದು ನೋಟ್‌ಬುಕ್ ಇತ್ತಂತೆ, ಅಳತೆಗಳೆಲ್ಲ ಕನ್ನಡದಲ್ಲೇ ಬರೆದುಕೊಂಡಿದ್ದರಂತೆ. ಮನೆ ಬದಲಾಯಿಸುವಾಗ ಹಳೇ ಪೇಪರ್ ಜೊತೆ ಹೋಯ್ತು.

ನಮ್ಮ ಆಫೀಸಿನಲ್ಲಿ ಯಾರಾದರೂ ಕೆಲಸ ಬಿಟ್ಟರೆ ಕೆ.ಟಿ. ಅಂತ ಒಂದು ಶಾಸ್ತ್ರ ಇದೆ, ನಾಲೆಡ್ಜ್ ಟ್ರಾನ್ಸ್‌ಫರ್. ಎರಡು ವರ್ಷ ಹಳೆಯ, ಯಾರೂ ಬಳಸದ ಒಂದು ರಿಪೋರ್ಟ್ ಪೇಜಿಗೂ ಎರಡು ವಾರ ಕೂರಿಸಿ ಬರೆಸಿಕೊಳ್ತಾರೆ. ಇಷ್ಟು ವರ್ಷ ಎಂಜಿನ್ ಕಟ್ಟಿದ ಕೈಗಳು 1996ರಲ್ಲಿ ಮನೆಗೆ ಹೋದವಲ್ಲ, ಅವರ ಕೆ.ಟಿ. ಯಾರು ತಗೊಂಡರು? ಜಾವಾ ಅಂದ ತಕ್ಷಣ ನಾವು ಮೈಸೂರಿನ ಹೆಮ್ಮೆ, ಆ ಸದ್ದು, ಆ ಕಾಲ ಅಂತ ಪುಟಗಟ್ಟಲೆ ಬರೆಯುತ್ತೇವೆ. ನಾನೂ ಬರೆದಿದ್ದೇನೆ, ಒಪ್ಪಿಕೊಳ್ಳುತ್ತೇನೆ. ಒಂದು ಬೋಲ್ಟ್ ಯಾವ ಕಡೆ ತಿರುಗಿಸಬೇಕು ಅಂತ ಬರೆದವರು ಎಷ್ಟು ಜನ? ಕೆಲಸ ಗೊತ್ತಿದ್ದವರಿಗೆ ಗೊತ್ತಿದ್ದದ್ದು ಕನ್ನಡದಲ್ಲಿ, ಕೈಪಿಡಿ ಇರೋದು ಚೆಕ್‌ನಲ್ಲಿ, ಇಂಗ್ಲಿಷಿನಲ್ಲಿ. ಮಧ್ಯೆ ಇದ್ದದ್ದೆಲ್ಲ ಗುಜರಿಗೆ.

ಇನ್ನೊಂದು ಜಾತಿಯವರ ಮೇಲೂ ನನಗೆ ಸಿಟ್ಟಿದೆ. ಹಳೇ ಸ್ಟಾಕಿನ ಪಿಸ್ಟನ್ ಕೊಂಡು ಷೋಕೇಸಿನಲ್ಲಿ ಇಡುವವರು. ಎಂಜಿನ್ ಸೇರದ ಪಿಸ್ಟನ್ ಪೇಪರ್‌ವೇಟು ಅಷ್ಟೇ. ಹಾಗೆಯೇ "ಪ್ರತಿ ನಟ್ಟೂ ಒರಿಜಿನಲ್ ಇರಬೇಕು" ಅನ್ನೋ ಮಡಿವಂತರು. ಐವತ್ತು ವರ್ಷದ ರಬ್ಬರ್ ಸೀಲು ಪ್ಯಾಕೆಟ್ಟಿನಲ್ಲೇ ಗಟ್ಟಿಯಾಗಿರುತ್ತೆ ಸ್ವಾಮಿ, ಅದನ್ನು ಒರಿಜಿನಲ್ ಅಂತ ಹಾಕಿ ಏನು ಮಾಡೋದು? ಟ್ಯಾಂಕಿನ ಮೇಲೆ ತಾತನ ಕಾಲದ ಗೀರುಗಳನ್ನು ಹಾಗೇ ಬಿಟ್ಟಿದ್ದೇನೆ, ಒಳಗಿನ ಬೇರಿಂಗು ಸೀಲು ಎಲ್ಲ ಹೊಸದು.

ಈಗ ನಾನೇ ಒಂದು ಇನ್ನೂರು ಪುಟದ ನೋಟ್‌ಬುಕ್ ಇಟ್ಟಿದ್ದೇನೆ. ತಿಂಗಳಿಗೊಂದು ಭಾನುವಾರ ಮೈಸೂರಿಗೆ ಹೋಗಿ ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳುತ್ತೇನೆ. ಯಾವ ಮಾಡೆಲ್, ಯಾವ ವರ್ಷ ಅಂತ ಪಕ್ಕದಲ್ಲಿ. ಮೂವತ್ತೆರಡು ಪುಟ ಆಗಿದೆ. ಇಂಥವರು ನಿಮ್ಮೂರಲ್ಲೂ ಇದ್ದಾರು, ಜಾವಾ ಅಂತಲ್ಲ, ರೈಸ್ ಮಿಲ್ ಎಂಜಿನ್ನೋ ಕಬ್ಬಿನ ಗಾಣವೋ. ಯಾರಾದರೂ ಕೂತು ಬರೆದುಕೊಂಡರೆ ಹೇಳಿ, ಓದೋಕೆ ನಾನಿದ್ದೇನೆ.

ಎಂಜಿನ್ ಹೋದ ಶನಿವಾರ ಸ್ಟಾರ್ಟ್ ಆಯ್ತು, ಏಳನೇ ಕಿಕ್ಕಿಗೆ. ಕೆಳಗಿನ ಮನೆಯವರು ಬಾಗಿಲು ಹಾಕಿಕೊಂಡರು :-) ಅಲ್ಲಿಂದಲೇ ಮೈಸೂರಿಗೆ ಫೋನ್ ಮಾಡಿ ಸದ್ದು ಕೇಳಿಸಿದೆ. ಸುಮಾರು ಹೊತ್ತು ಅವರು ಮಾತಾಡಲಿಲ್ಲ.

"ಹೊಗೆ ನಿಲ್ತಾ?"

"ಇಲ್ಲ ಸಾರ್, ಬಿಸಿಯಾದರೂ ಬರ್ತಾನೇ ಇದೆ."

"ನಾಳೆ ಗೇರ್ ಆಯಿಲ್ ಲೆವೆಲ್ ನೋಡು. ಇಳಿದಿದ್ರೆ ಎಡಗಡೆ ಸೀಲು. ಮತ್ತೆ ಬಿಚ್ಚು."

ಇಳಿದಿದೆ.